ಕ್ಲಾಂಪ್ ಕಳೆದುಹೋದ ಕಾರಿನ ಬ್ಯಾಟರಿಯನ್ನು ಭದ್ರವಾಗಿ ಕೂರಿಸುವ ಬಗೆ

ಹಳೆಯ ಕಾರು ಕೊಳ್ಳುವವರು ಬಾನೆಟ್ ಎತ್ತಿ ಎಂಜಿನ್ ಆಯಿಲ್ ನೋಡುತ್ತಾರೆ, ಕೂಲೆಂಟ್ ನೋಡುತ್ತಾರೆ, ಬ್ಯಾಟರಿಯ ಮೇಲೆ ಅಂಟಿಸಿದ ವಾರಂಟಿ ಚೀಟಿಯನ್ನೂ ಓದುತ್ತಾರೆ. ಆದರೆ ಆ ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಅಲುಗಾಡಿಸಿ ನೋಡುವವರು ಕಡಿಮೆ. ಹಾಗೆ ನೋಡಿದರೆ ಎಷ್ಟೋ ಕಾರುಗಳಲ್ಲಿ ಅದು ಮೇಜಿನ ಮೇಲಿಟ್ಟ ಡಬ್ಬಿಯಂತೆ ಸರಿದಾಡುತ್ತದೆ. ಅದನ್ನು ಹಿಡಿದಿಡುವ ಕ್ಲಾಂಪೇ ಮಾಯ: ಮೇಲಿನ ಪಟ್ಟಿಯೂ ಇರುವುದಿಲ್ಲ, ಪಕ್ಕದ ಹುಕ್ ಬೋಲ್ಟುಗಳೂ ಇರುವುದಿಲ್ಲ.

ಇವು ತಾವಾಗಿ ಉದುರಿಹೋಗುವುದು ಅಪರೂಪ. ಬ್ಯಾಟರಿ ಬದಲಿಸುವಾಗ ತುಕ್ಕು ಹಿಡಿದ ನಟ್ ತಿರುಗದಿದ್ದರೆ ಬೋಲ್ಟನ್ನು ಕತ್ತರಿಸುತ್ತಾರೆ. ಹೊಸ ಬ್ಯಾಟರಿ ಹಳೆಯದಕ್ಕಿಂತ ಎತ್ತರವೋ ಗಿಡ್ಡವೋ ಆದಾಗ ಪಟ್ಟಿ ಹೊಂದದೆ, ಅದನ್ನು ಪಕ್ಕಕ್ಕಿಟ್ಟು ಮರೆಯುತ್ತಾರೆ. ನಾನು ಮೊದಲು ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಬ್ಯಾಟರಿಯನ್ನು ಸೈಕಲ್ ಟ್ಯೂಬಿನಿಂದ ಬಿಗಿದು ಗಂಟು ಹಾಕಿದ್ದರು. ನೋಡುವುದಕ್ಕೆ ಬಿಗಿಯಾಗಿಯೇ ಇತ್ತು. ಶಿರಾಡಿ ಘಾಟಿಯ ಗುಂಡಿಗಳನ್ನು ದಾಟಿ ಬಂದ ದಿನ ಬಾನೆಟ್ ತೆರೆದಾಗ ಬ್ಯಾಟರಿ ನಾಲ್ಕು ಬೆರಳಿನಷ್ಟು ಸರಿದು, ಪಾಸಿಟಿವ್ ಟರ್ಮಿನಲ್ಲಿನ ಮೇಲಿದ್ದ ಕೆಂಪು ರಬ್ಬರ್ ಟೋಪಿ ಬಾನೆಟ್ಟಿನ ಒಳಮೈಗೆ ಉಜ್ಜಿ ಸವೆದಿತ್ತು. ಆ ಟೋಪಿಯೂ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ಬ್ಯಾಟರಿ ಅಲುಗಾಡಿದರೆ ಆಗುವುದೇನು

ಸಣ್ಣ ಪೆಟ್ರೋಲ್ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಸುಮಾರು 9ರಿಂದ 10 ಕಿಲೊ ತೂಗುತ್ತದೆ; ಡೀಸೆಲ್ ಕಾರಿನ 65 ಆಂಪಿಯರ್-ಅವರ್ ಬ್ಯಾಟರಿ 16 ಕಿಲೊ ಮೀರುವುದುಂಟು. ಒಳಗೆ ಸೀಸದ ತಟ್ಟೆಗಳು, ಅವುಗಳ ನಡುವೆ ತೆಳುವಾದ ಪ್ರತ್ಯೇಕಕಗಳು, ಸುತ್ತಲೂ ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲ. ಸಡಿಲವಾಗಿ ಕುಳಿತ ಬ್ಯಾಟರಿ ಪ್ರತಿ ಗುಂಡಿಯಲ್ಲೂ ಒಮ್ಮೆ ಎದ್ದು ಟ್ರೇಗೆ ಬಡಿಯುತ್ತದೆ. ಆ ಬಡಿತಕ್ಕೆ ತಟ್ಟೆಗಳ ಮೇಲೆ ಲೇಪಿಸಿದ ಸಕ್ರಿಯ ಪದಾರ್ಥ ಪುಡಿಯಾಗಿ ಉದುರಿ ತಳದಲ್ಲಿ ಸೇರುತ್ತದೆ. ಅದು ಹೆಚ್ಚಾದರೆ ತಟ್ಟೆಗಳ ಬುಡವನ್ನು ಮುಟ್ಟಿ ಆ ಕೋಶವನ್ನೇ ಒಳಗಿನಿಂದ ಶಾರ್ಟ್ ಮಾಡುತ್ತದೆ. 12 ವೋಲ್ಟಿನ ಬ್ಯಾಟರಿಯಲ್ಲಿ ಇಂತಹ ಆರು ಕೋಶಗಳಿವೆ, ಒಂದೊಂದೂ 2.1 ವೋಲ್ಟಿನದು, ಒಂದು ಸತ್ತರೆ ಉಳಿದ ಐದರಿಂದ ಕಾರು ಸ್ಟಾರ್ಟ್ ಆಗುವುದಿಲ್ಲ. ವಾರಂಟಿ ಮುಗಿಯುವ ಮೊದಲೇ ಬ್ಯಾಟರಿ ಸತ್ತಿತೆಂದು ಕಂಪನಿಯನ್ನು ಬೈಯುವ ಮೊದಲು ಅದು ಬಿಗಿಯಾಗಿತ್ತೇ ಎಂದು ಕೇಳಿಕೊಳ್ಳುವುದು ನ್ಯಾಯ.

ಎರಡನೆಯದು ಬೆಂಕಿ. ಕಾರಿನ ಕಬ್ಬಿಣದ ಮೈಯೆಲ್ಲವೂ ಬ್ಯಾಟರಿಯ ನೆಗೆಟಿವ್ ತುದಿಗೆ ಸೇರಿಕೊಂಡಿರುತ್ತದೆ. ಪಾಸಿಟಿವ್ ಟರ್ಮಿನಲ್ ಬಾನೆಟ್ಟನ್ನೋ ಪಕ್ಕದ ತಗಡನ್ನೋ ಮುಟ್ಟಿದರೆ ನಡುವೆ ಯಾವ ಫ್ಯೂಸೂ ಇಲ್ಲದೆ ನೂರಾರು ಆಂಪಿಯರ್ ವಿದ್ಯುತ್ ಹರಿಯುತ್ತದೆ, ಮುಟ್ಟಿದ ಜಾಗ ಕೆಂಪಗೆ ಕಾಯುತ್ತದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊರಬರುವ ಜಲಜನಕ ಗಾಳಿಯಲ್ಲಿ ನೂರಕ್ಕೆ 4ರಷ್ಟು ಬೆರೆತರೂ ಒಂದು ಕಿಡಿಗೆ ಸಿಡಿಯಬಲ್ಲದು.

ಮೂರನೆಯದನ್ನು ಲೆಕ್ಕದಲ್ಲೇ ನೋಡಬಹುದು. ಅಪಘಾತದ ಹೊಡೆತ ಗುರುತ್ವದ ಇಪ್ಪತ್ತು ಪಟ್ಟು ಇತ್ತೆಂದುಕೊಂಡರೆ 10 ಕಿಲೊ ಬ್ಯಾಟರಿ ಆ ಕ್ಷಣಕ್ಕೆ 200 ಕಿಲೊ ಭಾರದಂತೆ ಮುನ್ನುಗ್ಗುತ್ತದೆ. ಸೈಕಲ್ ಟ್ಯೂಬಾಗಲಿ ಪ್ಲಾಸ್ಟಿಕ್ ಟ್ಯಾಗಾಗಲಿ ಅದನ್ನು ತಡೆಯುವ ವಸ್ತುಗಳಲ್ಲ.

ಆದ್ದರಿಂದ ಮಾಡಬೇಕಾದ ಕೆಲಸವನ್ನು ಸರಿಯಾಗಿ ಹೆಸರಿಸಿಕೊಳ್ಳೋಣ. ಬ್ಯಾಟರಿಯನ್ನು ಬೀಳದಂತೆ ಕಟ್ಟಿಹಾಕುವುದಷ್ಟೇ ಸಾಲದು, ಅದನ್ನು ಟ್ರೇಗೆ ಒತ್ತಿ ಹಿಡಿಯಬೇಕು. ಹಿಡಿಯುವ ವಸ್ತು ಹಿಗ್ಗಬಾರದು, ಅದರ ಬುಡ ಕಾರಿನ ಮೈಗೆ ಅಥವಾ ಮೈಗೆ ಬೋಲ್ಟ್ ಮಾಡಿದ ಟ್ರೇಗೆ ಸೇರಿರಬೇಕು, ಮತ್ತು ಅದರ ಲೋಹ ಟರ್ಮಿನಲ್ಲುಗಳನ್ನು ಎಂದೂ ಮುಟ್ಟದಂತಿರಬೇಕು. ಕೆಳಗೆ ಹೇಳುವುದೆಲ್ಲ ಈ ಮಾತಿನ ವಿಸ್ತರಣೆ.

ಮೊದಲು ಬ್ಯಾಟರಿಯ ಮತ್ತು ಹಿಡಿತದ ಬಗೆಯನ್ನು ಗುರುತಿಸುವುದು

ನಮ್ಮ ರಸ್ತೆಗಳಲ್ಲಿ ಕಾಣುವ ಕಾರುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಹಿಡಿತಗಳಿವೆ. ಜಪಾನಿ ಮೂಲದ ವಿನ್ಯಾಸಗಳಲ್ಲಿ, ಅಂದರೆ ಮಾರುತಿ 800, ಆಲ್ಟೊ, ವ್ಯಾಗನ್-ಆರ್ ಮುಂತಾದವುಗಳಲ್ಲಿ, ಬ್ಯಾಟರಿಯ ನೆತ್ತಿಯ ಮೇಲೆ ಅಡ್ಡಪಟ್ಟಿಯೊಂದು ಕುಳಿತು, ಕೊಕ್ಕೆಯಂತೆ ಬಾಗಿದ ಉದ್ದನೆಯ ಬೋಲ್ಟುಗಳು ಅದನ್ನು ಕೆಳಗಿನ ಟ್ರೇಗೆ ಎಳೆದು ಹಿಡಿಯುತ್ತವೆ. ಯುರೋಪಿನ ವಿನ್ಯಾಸಗಳಲ್ಲಿ, ಉದಾಹರಣೆಗೆ ಫೋಕ್ಸ್‌ವ್ಯಾಗನ್ ಪೋಲೊದಲ್ಲಿ, ಬ್ಯಾಟರಿಯ ಬುಡದಲ್ಲಿ ಸುತ್ತಲೂ ಒಂದು ಅಂಚು ಚಾಚಿಕೊಂಡಿರುತ್ತದೆ. ಟ್ರೇಯ ಒಂದು ಬದಿಯ ತುಟಿಯ ಕೆಳಗೆ ಆ ಅಂಚು ತೂರಿಕೊಂಡರೆ, ಎದುರು ಬದಿಯಲ್ಲಿ ಬೆಣೆಯಾಕಾರದ ಸಣ್ಣ ತುಂಡೊಂದನ್ನು ಒಂದೇ ಬೋಲ್ಟಿನಿಂದ ಬಿಗಿಯುತ್ತಾರೆ.

ಬ್ಯಾಟರಿಯ ಮೇಲಿನ ಸಂಕೇತವನ್ನೂ ಓದಿಕೊಳ್ಳಿ. 38ಬಿ20ಎಲ್ ಎಂದಿದ್ದರೆ 38 ಎಂಬುದು ಸಾಮರ್ಥ್ಯದ ದರ್ಜೆ, ಬಿ ಎಂಬುದು ಅಗಲ ಮತ್ತು ಎತ್ತರದ ವರ್ಗ, 20 ಎಂಬುದು ಸೆಂಟಿಮೀಟರಿನಲ್ಲಿ ಸುಮಾರು ಉದ್ದ, ಕೊನೆಯ ಎಲ್ ಅಥವಾ ಆರ್ ಟರ್ಮಿನಲ್ಲುಗಳ ಜೋಡಣೆ. ಬಿ20 ಬ್ಯಾಟರಿಯ ಉದ್ದ 197, ಅಗಲ 129 ಮಿ.ಮೀ.; ಪೆಟ್ಟಿಗೆಯ ಎತ್ತರ 203, ಟರ್ಮಿನಲ್ ಸೇರಿಸಿದರೆ 225ರ ಆಸುಪಾಸು. ಬಿ24ರ ಉದ್ದ 238 ಮಿ.ಮೀ. ಡಿ23ರ ಅಗಲ 173 ಮಿ.ಮೀ. ಡಿನ್ ಎಂದು ಅಂಗಡಿಗಳಲ್ಲಿ ಕರೆಯುವ ಯುರೋಪಿನ ಮಾದರಿಗಳು 175 ಮಿ.ಮೀ. ಅಗಲ, 175 ಅಥವಾ 190 ಮಿ.ಮೀ. ಎತ್ತರ, ಅವುಗಳ ಟರ್ಮಿನಲ್ಲುಗಳು ನೆತ್ತಿಯ ಮಟ್ಟದಿಂದ ಮೇಲೆ ಚಾಚಿರುವುದಿಲ್ಲ.

ಈ ಅಂಕಿಗಳನ್ನು ಗಮನಿಸಿದರೆ ಪಟ್ಟಿಯನ್ನು ಏಕೆ ಪಕ್ಕಕ್ಕಿಟ್ಟರೆಂಬುದು ತಿಳಿಯುತ್ತದೆ. 203 ಮಿ.ಮೀ. ಪೆಟ್ಟಿಗೆಗೆಂದು ಮಾಡಿದ ಹುಕ್ ಬೋಲ್ಟು ಗಿಡ್ಡನೆಯ ಡಿನ್ ಬ್ಯಾಟರಿಗೆ ಉದ್ದವಾಯಿತು, ಮರೆ (ಬೋಲ್ಟಿನ ಮೇಲೆ ಕೊರೆದ ಸುರುಳಿ ಗೆರೆ) ಇರುವಷ್ಟು ದೂರ ನಟ್ ತಿರುಗಿದರೂ ಪಟ್ಟಿ ಕೂರಲಿಲ್ಲ. ಹಾಗಾಗಿದ್ದರೆ ಪಟ್ಟಿ ಹೊಂದಿಸುವುದಕ್ಕಿಂತ ಬ್ಯಾಟರಿಯನ್ನೇ ಕಾರಿನ ಕೈಪಿಡಿ ಹೇಳುವ ಮಾದರಿಗೆ ಬದಲಿಸಿಕೊಳ್ಳುವುದು ಜಾಣತನ. ಹೊಸದಾಗಿದ್ದರೆ ಕೆಲವು ಅಂಗಡಿಯವರು ಒಪ್ಪುತ್ತಾರೆ. ಟರ್ಮಿನಲ್ಲಿನ ದಪ್ಪವನ್ನೂ ಆಗಲೇ ನೋಡಿ. ತೆಳು ಟರ್ಮಿನಲ್ಲಿನ ಪಾಸಿಟಿವ್ ಕಂಬ 14.7 ಮಿ.ಮೀ., ದಪ್ಪದ್ದು 19.5 ಮಿ.ಮೀ.; ದಪ್ಪದ ಲಗ್ಗನ್ನು, ಅಂದರೆ ಕಂಬವನ್ನು ಹಿಡಿಯುವ ತಂತಿಯ ತುದಿಯನ್ನು, ತೆಳು ಕಂಬಕ್ಕೆ ತಗಡು ಸುತ್ತಿ ಕೂರಿಸಿದ್ದರೆ ಬ್ಯಾಟರಿ ಎಷ್ಟೇ ಭದ್ರವಾಗಿದ್ದರೂ ತಂತಿ ಅಲ್ಲಾಡುತ್ತಲೇ ಇರುತ್ತದೆ.

ಅಸಲಿ ಬಿಡಿಭಾಗ ಸಿಕ್ಕಿದರೆ ಅದೇ ಉತ್ತಮ

ಕೈಯಿಂದ ಮಾಡುವ ಉತ್ಸಾಹಕ್ಕೆ ಮೊದಲು ಒಂದು ದಿನ ಹುಡುಕಾಟಕ್ಕೆ ಮೀಸಲಿಡಿ. ಪಟ್ಟಿ ಮತ್ತು ಹುಕ್ ಬೋಲ್ಟುಗಳು ಕಾರಿನ ಅತ್ಯಂತ ಅಗ್ಗದ ಬಿಡಿಭಾಗಗಳ ಸಾಲಿಗೆ ಸೇರಿದವು. ಅಧಿಕೃತ ಬಿಡಿಭಾಗದ ಅಂಗಡಿಯಲ್ಲಿ ಕಾರಿನ ಮಾದರಿ, ತಯಾರಾದ ವರ್ಷ ಮತ್ತು ಚಾಸಿ ನಂಬರ್ ಹೇಳಿದರೆ ಸರಿಯಾದದ್ದನ್ನು ತರಿಸಿಕೊಡುತ್ತಾರೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಅಂಗಡಿಗಳಿವೆ, ಹಳೆಯ ಮಾದರಿಯಾದರೆ ಶಿವಾಜಿನಗರದ ಗುಜರಿ ಸಾಲಿನಲ್ಲಿ ಕಳಚಿ ಗುಡ್ಡೆ ಹಾಕಿದ ಟ್ರೇಗಳ ನಡುವೆ ಅದೂ ಸಿಗಬಹುದು. ಗುಜರಿಯಿಂದ ತರುವಾಗ ಕೊಕ್ಕೆಯ ಬಾಗಿನಲ್ಲಿ ಬಿರುಕಿದೆಯೇ, ಮರೆ ಸವೆದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಪಟ್ಟಿ, ಎರಡು ಬೋಲ್ಟು ಸೇರಿಸಿ ಸೆಟ್ಟಾಗಿ ಮಾರುವ ಎಲ್ಲ ಕಾರಿಗೂ ಹೊಂದುವಂಥವೂ ಇವೆ. ಅಳತೆ ನೋಡಿ ಕೊಂಡರೆ ಅವು ಕೆಟ್ಟವಲ್ಲ.

ಡಿನ್ ಮಾದರಿಯ ಬೆಣೆಯನ್ನಂತೂ ಮನೆಯಲ್ಲಿ ಮಾಡುವ ಗೋಜಿಗೆ ಹೋಗಬೇಡಿ. ಅದರ ಇಳಿಜಾರು ಬ್ಯಾಟರಿಯ ಅಂಚಿನ ಇಳಿಜಾರಿಗೆ ಸರಿಯಾಗಿ ಹೊಂದಿದರೆ ಮಾತ್ರ ಕೆಳಕ್ಕೂ ಒಳಕ್ಕೂ ಒಟ್ಟಿಗೆ ಒತ್ತುತ್ತದೆ. ಹೊಂದದಿದ್ದರೆ ಬೋಲ್ಟು ಬಿಗಿದಂತೆ ಅನ್ನಿಸುತ್ತದೆ, ಬ್ಯಾಟರಿ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ. ಟ್ರೇಯಲ್ಲಿ ಬೆಸುಗೆ ಹಾಕಿದ ನಟ್ಟಿನ ಮರೆ ಹಾಳಾಗಿದ್ದರೆ ಲೇತ್ ಅಂಗಡಿಯಲ್ಲಿ ಹೊಸ ಮರೆ ಹಾಕಿಸಬಹುದು. ಅಂಚಿಲ್ಲದ ಬ್ಯಾಟರಿಯನ್ನು ಇಂಥ ಟ್ರೇಯಲ್ಲಿ ಕೂರಿಸಿದ್ದರೆ ಬ್ಯಾಟರಿಯನ್ನೇ ಬದಲಿಸುವುದು ಸರಿ. ಮುಂದೆ ಹೇಳುವ ತಯಾರಿಕೆಯೆಲ್ಲ ಮೇಲಿನ ಪಟ್ಟಿಯ ಬಗೆಗೆ ಸಂಬಂಧಿಸಿದ್ದು.

ತಂತಿ ಕಳಚಿ ಬ್ಯಾಟರಿ ಎತ್ತುವುದು

ಎಂಜಿನ್ ನಿಲ್ಲಿಸಿ, ಚಾವಿ ತೆಗೆದು, ಹತ್ತು ನಿಮಿಷ ಬಿಡಿ. ಉಂಗುರ, ಕಡಗ, ಬಳೆ, ಗಡಿಯಾರ, ಕೊರಳ ಸರ ತೆಗೆದಿಡಿ. ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ, ಟರ್ಮಿನಲ್ಲಿಗೂ ಕಾರಿನ ಮೈಗೂ ಸೇತುವೆಯಾದ ಉಂಗುರ ಬೆರಳಲ್ಲೇ ಕಾದು ಚರ್ಮ ಸುಡುತ್ತದೆ. ಕನ್ನಡಕ ಮತ್ತು ರಬ್ಬರ್ ಕೈಗವಸು ಇರಲಿ. ಮ್ಯೂಸಿಕ್ ಸಿಸ್ಟಮ್ ಕೋಡ್ ಕೇಳುವ ಕಾರಾದರೆ ಕೋಡ್ ಬರೆದಿಟ್ಟುಕೊಂಡಿರಬೇಕು.

ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಕಳಚಬೇಕು. ಕಾರಣ ಸರಳ: ನೆಗೆಟಿವ್ ಕಳಚಿದ ಮೇಲೆ ಕಾರಿನ ಮೈಗೂ ಬ್ಯಾಟರಿಗೂ ಸಂಬಂಧ ತಪ್ಪುತ್ತದೆ, ಪಾಸಿಟಿವ್ ನಟ್ ತಿರುಗಿಸುವ ಸ್ಪ್ಯಾನರ್ ಪಕ್ಕದ ತಗಡಿಗೆ ತಾಗಿದರೂ ಏನೂ ಆಗುವುದಿಲ್ಲ. ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ನಿಂತು ತಾನೇ ಹೊರಡುವ ಹೊಸ ಕಾರುಗಳಲ್ಲಿ ನೆಗೆಟಿವ್ ಲಗ್ಗಿಗೆ ಅಂಟಿಕೊಂಡಂತೆ ವಿದ್ಯುತ್ ಅಳೆಯುವ ಸೆನ್ಸರ್ ಇರುತ್ತದೆ. ಅಂಥ ಲಗ್ಗನ್ನು ಸ್ಕ್ರೂಡ್ರೈವರಿನಿಂದ ಮೀಟಿ ಎಬ್ಬಿಸಬಾರದು. ಕಳಚಿದ ಎರಡೂ ಲಗ್ಗುಗಳಿಗೆ ಒಣ ಬಟ್ಟೆ ಸುತ್ತಿ ಪಕ್ಕಕ್ಕೆ ಬಾಗಿಸಿಡಿ. ಬ್ಯಾಟರಿಯನ್ನು ಓರೆ ಮಾಡದೆ ನೆಟ್ಟಗೆ ಎತ್ತಿ ಇಳಿಸಿ. ಆಮ್ಲ ಕೈಗೆ ತಾಗಿದರೆ ಧಾರಾಳ ನೀರಿನಿಂದ ತೊಳೆಯಿರಿ. ಕಣ್ಣಿಗೆ ಹಾರಿದರೆ ಕನಿಷ್ಠ ಕಾಲು ಗಂಟೆ ನೀರು ಹಾಯಿಸುತ್ತಾ ವೈದ್ಯರ ಬಳಿಗೆ ಹೋಗಬೇಕು.

ಟ್ರೇ ಗಟ್ಟಿಯಿಲ್ಲದೆ ಯಾವ ಪಟ್ಟಿಯೂ ಗಟ್ಟಿಯಲ್ಲ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಮಂಗಳೂರು, ಉಡುಪಿ, ಕಾರವಾರದ ಕಡೆಯ ಕಾರುಗಳಲ್ಲಿ ಉಪ್ಪುಗಾಳಿ, ಮಳೆ ಮತ್ತು ಬ್ಯಾಟರಿಯಿಂದ ಒಸರಿದ ಆಮ್ಲ ಸೇರಿ ಟ್ರೇಯನ್ನು ಹಪ್ಪಳದಂತೆ ಮಾಡಿರುತ್ತವೆ. ಕೊಕ್ಕೆ ಸಿಕ್ಕಿಸುವ ತೂತಿನ ಸುತ್ತ ಸ್ಕ್ರೂಡ್ರೈವರಿನಿಂದ ಒತ್ತಿ ನೋಡಿ; ತಗಡು ಬಾಗಿದರೆ, ಪುಡಿ ಉದುರಿದರೆ, ಟ್ರೇ ಬದಲಿಸದೆ ಮುಂದುವರಿಯಬೇಡಿ. ಟ್ರೇಯನ್ನು ಕಾರಿನ ಮೈಗೆ ಹಿಡಿದ ಬೋಲ್ಟುಗಳಲ್ಲಿ ಒಂದೋ ಎರಡೋ ಮಾಯವಾಗಿರುವುದೂ ಸಾಮಾನ್ಯ, ಅವನ್ನು ಮೊದಲು ತುಂಬಿಸಿ.

ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಒಂದು ಲೋಟ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಟ್ರೇಯನ್ನೂ ಲಗ್ಗುಗಳನ್ನೂ ಉಜ್ಜಿ. ನೊರೆ ಏಳುವುದು ನಿಂತರೆ ಆಮ್ಲ ತಟಸ್ಥವಾಯಿತೆಂದು ಅರ್ಥ. ಸೋಡಾ ನೀರು ಬ್ಯಾಟರಿಯ ಮುಚ್ಚಳಗಳ ಮೂಲಕ ಒಳಗೆ ಮಾತ್ರ ಹೋಗಬಾರದು. ತೊಳೆದು, ಒಣಗಿಸಿ, ತುಕ್ಕನ್ನು ಮರಳು ಕಾಗದದಿಂದ ತೆಗೆದು, ರೆಡ್ ಆಕ್ಸೈಡ್ ಬಳಿದು, ಅದು ಒಣಗಿದ ಮೇಲೆ ಮೇಲೊಂದು ಬಣ್ಣದ ಲೇಪ ಕೊಡಿ. ನೀರು ಹರಿದುಹೋಗುವ ತೂತನ್ನು ಬಣ್ಣದಿಂದಲೂ ರಬ್ಬರಿನಿಂದಲೂ ಮುಚ್ಚಬೇಡಿ.

ಟ್ರೇಯಲ್ಲಿ ಹಳೆಯ ತೂತುಗಳೇ ಇಲ್ಲವಾದರೆ ಹೊಸದನ್ನು ಕೊರೆಯಬಹುದು. ಕೊರೆಯುವ ಮೊದಲು ಟ್ರೇಯ ಅಡಿಯಲ್ಲಿ ಕೈಯಾಡಿಸಿ, ವಯರಿನ ಕಟ್ಟು, ಬ್ರೇಕಿನ ಪೈಪು, ಗೇರ್‌ಬಾಕ್ಸಿನ ಕೇಬಲ್ ಏನಿದೆಯೆಂದು ನೋಡಿಕೊಳ್ಳಿ. ಕಾರಿನ ಚಾಸಿಯ ಭಾಗಕ್ಕೆ ತೂತು ಹಾಕುವುದು ಬೇಡ. ಕಾರಿಗೆ ನೇರವಾಗಿ ವೆಲ್ಡ್ ಮಾಡಿಸುವುದೂ ಬೇಡ, ಆ ವಿದ್ಯುತ್ತು ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರನ್ನು, ಅಂದರೆ ಇಸಿಯುವನ್ನು, ಸುಡಬಲ್ಲದು. ಟ್ರೇಯನ್ನು ಕಳಚಿ ಅಂಗಡಿಗೆ ಒಯ್ಯಿರಿ.

ಪಟ್ಟಿ ಮತ್ತು ಹುಕ್ ಬೋಲ್ಟುಗಳನ್ನು ಮಾಡಿಸುವುದು

ಬೇಕಾದದ್ದು ಇಷ್ಟೇ: 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಫ್ಲಾಟ್ ಅಥವಾ 25ರ ಎಲ್ ಆಂಗಲ್ ಒಂದು ತುಂಡು, 6 ಮಿ.ಮೀ. ನುಣುಪು ಕಬ್ಬಿಣದ ಸರಳು ಎರಡು, ಎಂ6 ನೈಲಾಕ್ ನಟ್ಟುಗಳು (ಒಳಗೆ ನೈಲಾನ್ ಉಂಗುರವಿದ್ದು ಅದುರಿಗೆ ಸುಲಭವಾಗಿ ಸಡಿಲವಾಗದಂಥವು), ಅಗಲವಾದ ವಾಷರುಗಳು, ಮತ್ತು ಮುಚ್ಚಿಗೆಗೆ ರಬ್ಬರು. ಆಯ್ಕೆಯಿದ್ದರೆ ಆಂಗಲನ್ನೇ ಆರಿಸಿ. ಚಪ್ಪಟೆ ಪಟ್ಟಿ ಎರಡೂ ತುದಿಯಲ್ಲಿ ಎಳೆದಾಗ ಬಿಲ್ಲಿನಂತೆ ಬಾಗಿ ಬ್ಯಾಟರಿಯ ಅಂಚುಗಳನ್ನಷ್ಟೇ ಒತ್ತುತ್ತದೆ. ಆಂಗಲಿನ ನಿಂತ ಮೈ ಆ ಬಾಗುವಿಕೆಯನ್ನು ತಡೆಯುತ್ತದೆ.

ಬ್ಯಾಟರಿಯನ್ನು ಟ್ರೇಯಲ್ಲಿ ಅದರ ನಿಜವಾದ ಜಾಗದಲ್ಲಿ ಒಮ್ಮೆ ಇಟ್ಟು ಅಳತೆ ತೆಗೆದುಕೊಳ್ಳಿ. ಎದುರುಬದುರಾಗಿರುವ ಕೊಕ್ಕೆ ತೂತುಗಳ ನಡುವಿನ ದೂರವೇ ಪಟ್ಟಿಯ ತೂತುಗಳ ನಡುವಿನ ದೂರವಾಗಬೇಕು. ಪಟ್ಟಿ ಬ್ಯಾಟರಿಯ ಅಗಲಕ್ಕೆ ಅಡ್ಡವಾಗಿ ಬರುವುದಾದರೆ ಬಿ20 ಬ್ಯಾಟರಿಯ 129 ಮಿ.ಮೀ.ಗೆ ಪ್ರತಿ ಬದಿಯಲ್ಲೂ ಸರಳಿನ ಅರ್ಧ ದಪ್ಪ, ಅದರ ರಬ್ಬರ್ ಮುಚ್ಚಿಗೆ ಮತ್ತು ಒಂದಿಷ್ಟು ಎಡೆ ಸೇರಿ 145 ಮಿ.ಮೀ. ಆಸುಪಾಸಿಗೆ ಬರುತ್ತದೆ. ಕೊಕ್ಕೆಗಳು ನೆಟ್ಟಗೆ ನಿಲ್ಲಬೇಕು, ಹೊರಕ್ಕೆ ಓರೆಯಾದಷ್ಟೂ ಕೆಳಕ್ಕೆ ಒತ್ತುವ ಬಲ ಕಡಿಮೆಯಾಗುತ್ತದೆ. ಸರಳಿನ ಉದ್ದಕ್ಕೆ, ಕೊಕ್ಕೆ ಸಿಕ್ಕುವ ಜಾಗದಿಂದ ಬ್ಯಾಟರಿಯ ನೆತ್ತಿಯವರೆಗಿನ ಎತ್ತರ, ಅದರ ಮೇಲೆ ಪಟ್ಟಿಯ ದಪ್ಪ, ಅದರ ಮೇಲೆ 20 ಮಿ.ಮೀ. ಸೇರಿಸಿ, ಬಾಗಿಸುವ ಕೊಕ್ಕೆಗೆ ಇನ್ನೂ 30 ಮಿ.ಮೀ. ಬಿಡಿ.

ಇಲ್ಲೊಂದು ಎಚ್ಚರಿಕೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದಕ್ಕೂ ಮರೆಯಿರುವ ಥ್ರೆಡ್ ರಾಡ್ ಸುಲಭವಾಗಿ ಸಿಗುತ್ತದೆ, ಅದನ್ನೇ ಬಾಗಿಸಿ ಕೊಕ್ಕೆ ಮಾಡುವವರು ಬಹಳ. ಮರೆಯ ಪ್ರತಿ ಗೆರೆಯೂ ಒಂದು ಸಣ್ಣ ಕಚ್ಚು. ಅಲ್ಲಿ ಬಾಗಿಸಿದರೆ ಕಚ್ಚಿನ ಬುಡದಲ್ಲೇ ಬಿರುಕು ಹುಟ್ಟಿ, ಬರಬರುತ್ತಾ ಅದುರಿಗೆ ತುಂಡಾಗಬಹುದು. ಆದ್ದರಿಂದ ನುಣುಪು ಸರಳನ್ನು ವೈಸಿನಲ್ಲಿ ಹಿಡಿದು ಬಾಗಿಸಿ, ಮೇಲಿನ ತುದಿಯ 40 ಮಿ.ಮೀ.ಗಷ್ಟೇ ಡೈನಿಂದ ಮರೆ ಹಾಕಿಸಿ. ಲೇತ್ ಅಂಗಡಿಯಲ್ಲಿ ಇದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಡೀಸೆಲ್ ಕಾರಿನ ಭಾರದ ಬ್ಯಾಟರಿಗೆ 8 ಮಿ.ಮೀ. ಸರಳು, ಎಂ8 ನಟ್ಟು ಬಳಸಿ. ಹೋಲಿಕೆಗೆ ಹೇಳುವುದಾದರೆ, ರ್ಯಾಲಿ ಕಾರುಗಳಿಗೆ ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎ ನಿಯಮ ಕನಿಷ್ಠ 10 ಮಿ.ಮೀ. ಬೋಲ್ಟು, ಎರಡು ಲೋಹದ ಪಟ್ಟಿ, ಅವಕ್ಕೆ ವಿದ್ಯುತ್ ಹರಿಯದ ಹೊದಿಕೆ ಮತ್ತು ತಗಡಿನ ಅಡಿಯಲ್ಲಿ 3 ಮಿ.ಮೀ. ದಪ್ಪದ ಆಧಾರದ ತಟ್ಟೆಯನ್ನು ಕೇಳುತ್ತದೆ. ಕಚೇರಿಗೆ ಹೋಗಿಬರುವ ಕಾರಿಗೆ ಅಷ್ಟು ಬೇಡ, ಆದರೆ ಹೊದಿಕೆಯ ಮಾತು ನಮಗೂ ಅನ್ವಯಿಸುತ್ತದೆ.

ಪಟ್ಟಿಯ ಮೂಲೆಗಳನ್ನು ಅರದಿಂದ ಉಜ್ಜಿ ಬಣ್ಣ ಹೊಡೆದ ಮೇಲೆ ಅದಕ್ಕೆ ಇಡಿಯಾಗಿ ರಬ್ಬರು ತೊಡಿಸಿ. ಸೈಕಲ್ ಟ್ಯೂಬು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ: ಹಗ್ಗವಾಗಿ ಅಲ್ಲ, ಅಂಗಿಯಾಗಿ. ಸರಳುಗಳಿಗೆ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪಿನ ತುಂಡು ಸರಿಯಾಗಿ ಹೊಂದುತ್ತದೆ. ಮೇಲೆ ಮರೆಯಿರುವ ಭಾಗ, ಕೆಳಗೆ ಕೊಕ್ಕೆ, ಇಷ್ಟನ್ನೇ ಬಿಟ್ಟು ಉಳಿದದ್ದೆಲ್ಲ ಮುಚ್ಚಲಿ.

ಕೂರಿಸುವುದು

ಟ್ರೇಯ ತಳಕ್ಕೆ 3 ಮಿ.ಮೀ. ರಬ್ಬರ್ ಹಾಳೆ ಹಾಕಿ. ಬ್ಯಾಟರಿ ಟ್ರೇಗಿಂತ ಚಿಕ್ಕದಾಗಿದ್ದರೆ ಸುತ್ತಲಿನ ಖಾಲಿ ಜಾಗವನ್ನು ತುಂಬದೆ ಪಟ್ಟಿ ಬಿಗಿಯುವುದು ಅರ್ಧ ಕೆಲಸ, ಏಕೆಂದರೆ ತಿರುವಿನಲ್ಲಿ ಬ್ಯಾಟರಿ ಪಟ್ಟಿಯ ಅಡಿಯಲ್ಲೇ ಜಾರುತ್ತದೆ. ಬಿ24ರ ಟ್ರೇಯಲ್ಲಿ ಬಿ20 ಇಟ್ಟಿದ್ದರೆ ಉದ್ದದಲ್ಲಿ 41 ಮಿ.ಮೀ. ಖಾಲಿ ಉಳಿಯುತ್ತದೆ, ಅಂದರೆ ಎರಡು ತುದಿಗೂ 20 ಮಿ.ಮೀ. ತುಂಡು ಬೇಕು. ಇದಕ್ಕೆ ನಾನು ಕಂಡುಕೊಂಡ ಒಳ್ಳೆಯ ವಸ್ತು ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಮಣೆ. ಹಳೆಯದನ್ನು ಗರಗಸದಿಂದ ಕೊಯ್ದು ಎರಡೆರಡು ಪದರ ಸೇರಿಸಿದರೆ ಬೇಕಾದ ದಪ್ಪ ಬರುತ್ತದೆ, ಆಮ್ಲಕ್ಕೂ ನೀರಿಗೂ ಅದು ಜಗ್ಗುವುದಿಲ್ಲ. ಮರ ನೀರನ್ನೂ ಆಮ್ಲವನ್ನೂ ಕುಡಿದು ಕೊಳೆಯುತ್ತದೆ, ಥರ್ಮೋಕೋಲ್ ಅದುರಿಗೆ ಪುಡಿಯಾಗುತ್ತದೆ, ಬಟ್ಟೆಯ ಉಂಡೆ ತೇವ ಹಿಡಿದಿಟ್ಟು ಟ್ರೇಯನ್ನು ತಿನ್ನುತ್ತದೆ.

ಪಟ್ಟಿಯನ್ನು ನೆತ್ತಿಯ ನಡುಭಾಗದಲ್ಲಿ, ಎರಡೂ ಟರ್ಮಿನಲ್ಲುಗಳಿಂದ ದೂರದಲ್ಲಿ, ಅನಿಲ ಹೊರಹೋಗುವ ರಂಧ್ರಗಳನ್ನು ಮುಚ್ಚದಂತೆ ಇಡಿ. ಕೊಕ್ಕೆಗಳ ಬಾಯಿ ಬ್ಯಾಟರಿಯ ಕಡೆಗಿರಲಿ, ಟ್ರೇಯ ಅಂಚಿನ ಅಡಿಗೆ ಪೂರ್ತಿ ಸಿಕ್ಕಿರಲಿ. ವಾಷರ್ ಹಾಕಿ ಎರಡೂ ನಟ್ಟುಗಳನ್ನು ಮೊದಲು ಕೈಯಿಂದ, ಆಮೇಲೆ ಹತ್ತನೇ ನಂಬರ್ ಸ್ಪ್ಯಾನರಿನಿಂದ ಆ ಕಡೆ ಅರ್ಧ ಸುತ್ತು, ಈ ಕಡೆ ಅರ್ಧ ಸುತ್ತು ಎಂಬಂತೆ ಬಿಗಿಯುತ್ತಾ ಬನ್ನಿ. ಸ್ಪ್ಯಾನರಿನ ತುದಿಯನ್ನು ಹಿಡಿಯದೆ ತಲೆಯ ಹತ್ತಿರ ಹಿಡಿದರೆ ಅತಿಯಾಗುವುದು ತಪ್ಪುತ್ತದೆ. ಪೆಟ್ಟಿಗೆಯ ಪಕ್ಕದ ಗೋಡೆ ಉಬ್ಬಿತೆಂದರೆ, ಮುಚ್ಚಳ ತಗ್ಗಿತೆಂದರೆ ಮಿತಿ ದಾಟಿದಿರಿ, ಅರ್ಧ ಸುತ್ತು ಹಿಂದೆ ಬನ್ನಿ. ಬ್ಯಾಟರಿಯ ಪೆಟ್ಟಿಗೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. ಬಿರುಕು ಬಿಟ್ಟರೆ ಆಮ್ಲ ಸೋರುವುದು ಖಚಿತ.

ಇದಿಷ್ಟನ್ನೂ ತಂತಿ ಜೋಡಿಸುವ ಮೊದಲೇ ಮುಗಿಸಬೇಕು. ಹುಕ್ ಬೋಲ್ಟು ಟ್ರೇಯ ಮೂಲಕ ಕಾರಿನ ಮೈಗೆ ಸೇರಿದ್ದು. ನೆಗೆಟಿವ್ ಜೋಡಿಸಿದ ಮರುಕ್ಷಣ ಅದೂ ನೆಗೆಟಿವ್ ತುದಿಯೇ ಆಗುತ್ತದೆ, ಆಗ ಅದರ ನಟ್ ತಿರುಗಿಸುವ ಸ್ಪ್ಯಾನರ್ ಪಾಸಿಟಿವ್ ಕಂಬಕ್ಕೆ ತಾಗಿದರೆ ಸಾಕು.

ಈಗ ಅಲುಗಾಡಿಸಿ ನೋಡಿ. ಬ್ಯಾಟರಿಯನ್ನು ಹಿಡಿದು ಎಳೆದಾಗ ಕಾರೇ ತನ್ನ ಸಸ್ಪೆನ್ಶನ್ನಿನ ಮೇಲೆ ತೂಗಬೇಕು, ಬ್ಯಾಟರಿ ಟ್ರೇಯೊಳಗೆ ಸರಿಯಬಾರದು.

ಬಾನೆಟ್ಟಿನ ಎಡೆ

ಹೊಸ ಪಟ್ಟಿ, ಅಡಿಗೆ ಹಾಕಿದ ರಬ್ಬರು, ಮೊದಲಿಗಿಂತ ಎತ್ತರದ ಬ್ಯಾಟರಿ, ಇವೆಲ್ಲ ಸೇರಿ ಟರ್ಮಿನಲ್ಲನ್ನು ಬಾನೆಟ್ಟಿಗೆ ಹತ್ತಿರ ತಂದಿರಬಹುದು. ಎರಡೂ ತಂತಿ ಕಳಚಿರುವಾಗಲೇ ಪಾಸಿಟಿವ್ ಕಂಬದ ಮೇಲೆ ಅದರ ಲಗ್ಗು, ಟೋಪಿಗಳನ್ನು ಬರಿದೆ ಕೂರಿಸಿ, ಮಕ್ಕಳು ಆಡುವ ಮೆತ್ತನೆಯ ಜೇಡಿಯ ನಿಂಬೆ ಗಾತ್ರದ ಉಂಡೆಯನ್ನು ಅದರ ಮೇಲಿಟ್ಟು, ಬಾನೆಟ್ಟನ್ನು ನಿಧಾನವಾಗಿ ಇಳಿಸಿ ಮತ್ತೆ ಎತ್ತಿ. ಚಪ್ಪಟೆಯಾದ ಜೇಡಿಯ ದಪ್ಪವೇ ಉಳಿದಿರುವ ಎಡೆ. 15 ಮಿ.ಮೀ.ಗಿಂತ ಕಡಿಮೆಯಾದರೆ ನಾನಂತೂ ಒಪ್ಪುವುದಿಲ್ಲ, ಏಕೆಂದರೆ ಬಾನೆಟ್ಟಿನ ತಗಡು ಓಟದಲ್ಲಿ ಅದುರುತ್ತದೆ, ಯಾರಾದರೂ ಅದರ ಮೇಲೆ ಕೈಯೂರಿದರೆ ತಗ್ಗುತ್ತದೆ. ಹುಕ್ ಬೋಲ್ಟಿನ ಹೆಚ್ಚುವರಿ ತುದಿಯನ್ನೂ ಹೀಗೆಯೇ ನೋಡಿ, ನಟ್ಟಿನಿಂದ ಐದಾರು ಮಿ.ಮೀ. ಬಿಟ್ಟು ಉಳಿದದ್ದನ್ನು, ಪಟ್ಟಿಯನ್ನು ಹೊರತೆಗೆದು, ಕತ್ತರಿಸಿ.

ಆಮೇಲೆ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ ಜೋಡಿಸಿ. ಲಗ್ಗು ಕೈಯಿಂದ ತಿರುಗಿಸಿದರೆ ತಿರುಗಬಾರದು. ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಪಾಸಿಟಿವ್ ಟೋಪಿಯನ್ನು ತಪ್ಪದೆ ಹಾಕಿ. ಗಡಿಯಾರ ಸೊನ್ನೆಗೆ ಬರುವುದು, ಮೊದಲ ಕೆಲವು ನಿಮಿಷ ಐಡ್ಲಿಂಗ್ ಏರಿಳಿಯುವುದು ಸಹಜ. ಮಲ್ಟಿಮೀಟರ್ ಇದ್ದರೆ ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟಿನ ನಡುವೆ ತೋರಿಸಬೇಕು.

ಬ್ಯಾಟರಿ ಸೀಟಿನಡಿಯಲ್ಲೋ ಡಿಕ್ಕಿಯಲ್ಲೋ ಇರುವ ಕಾರಾದರೆ ಅನಿಲ ಹೊರಬಿಡುವ ಸಣ್ಣ ಕೊಳವೆಯೊಂದು ಬ್ಯಾಟರಿಗೆ ಸೇರಿಕೊಂಡಿರುತ್ತದೆ. ಅದನ್ನು ಮರಳಿ ಸಿಕ್ಕಿಸದೆ, ಪಟ್ಟಿಯ ಅಡಿಯಲ್ಲಿ ಅದು ಒತ್ತಿಹೋಗಿಲ್ಲವೆಂದು ನೋಡದೆ, ಮುಚ್ಚಬೇಡಿ.

ದಾರಿಯ ನಡುವೆ ತಿಳಿದುಬಂದರೆ

ಊರು ಬಿಟ್ಟ ಮೇಲೆ ಗೊತ್ತಾದರೆ ಲಗೇಜ್ ಬಿಗಿಯುವ ಬಕಲ್ಲಿರುವ ಪಟ್ಟಾ ಸಾಕು, ಮುಂದಿನ ಗ್ಯಾರೇಜಿನವರೆಗೆ ಮಾತ್ರ. ಪಾಲಿಯೆಸ್ಟರ್ ಪಟ್ಟಾ ಆಮ್ಲವನ್ನು ತಾಳುತ್ತದೆ, ನೈಲಾನನ್ನು ಆಮ್ಲ ತಿನ್ನುತ್ತದೆ. ಪ್ಲಾಸ್ಟಿಕ್ ಟ್ಯಾಗುಗಳು ಬಹುತೇಕ ನೈಲಾನಿನವೇ ಆದ್ದರಿಂದ ಅವುಗಳನ್ನು ನಂಬಬೇಡಿ. ಪಟ್ಟಾವನ್ನು ಟ್ರೇಯ ಅಡಿಯಿಂದ ಸುತ್ತಿ ತಂದು ನೆತ್ತಿಯ ಮೇಲೆ ಬಿಗಿಯಿರಿ, ಬಕಲ್ಲಿನ ಲೋಹ ಟರ್ಮಿನಲ್ಲುಗಳಿಂದ ದೂರವಿರಲಿ. ಪಟ್ಟಾ ಬ್ರೇಕಿನ ಪೈಪಿಗಾಗಲಿ, ರೇಡಿಯೇಟರಿನ ಹೋಸಿಗಾಗಲಿ, ವಯರಿಗಾಗಲಿ ಸುತ್ತಿಕೊಳ್ಳಬಾರದು, ಫ್ಯಾನಿನ ಹತ್ತಿರ ತುದಿ ಜೋತಾಡಬಾರದು. ಪಕ್ಕದ ಎಡೆಗೆ ರಬ್ಬರ್ ಫ್ಲೋರ್ ಮ್ಯಾಟನ್ನು ಮಡಿಸಿ ತುರುಕಬಹುದು. ಹವಾಯಿ ಚಪ್ಪಲಿ ಕೂಡ ಆ ಕೆಲಸಕ್ಕೆ ಅಚ್ಚುಕಟ್ಟು. ಪಟ್ಟಾವೂ ಇಲ್ಲದೆ ಕಟ್ಟಡದ ಬೈಂಡಿಂಗ್ ವಯರ್ ಕಣ್ಣಿಗೆ ಬಿದ್ದರೆ ಅದನ್ನು ಮುಟ್ಟಲೇಬೇಡಿ: ಅದು ಹೊದಿಕೆಯಿಲ್ಲದ ಕಬ್ಬಿಣದ ತಂತಿ, ಅದರ ಮೂಲಕ ವಿದ್ಯುತ್ ಹರಿಯಬಲ್ಲದು, ಎರಡು ಟರ್ಮಿನಲ್ಲುಗಳ ನಡುವೆ ಅದನ್ನು ಎಳೆಯುವುದೆಂದರೆ ಬೆಂಕಿಗೆ ಬತ್ತಿ ಇಟ್ಟಂತೆ.

ಕೆಲಸ ಮುಗಿದ ಮೇಲೆ ನೂರು ಕಿಲೊಮೀಟರ್ ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ನೋಡಿ. ಹೊಸ ರಬ್ಬರು ಆ ಹೊತ್ತಿಗೆ ಒತ್ತಿಕೊಂಡಿರುತ್ತದೆ, ಕಾಲು ಅಥವಾ ಅರ್ಧ ಸುತ್ತು ಬಿಗಿಯಬೇಕಾಗಿ ಬರುತ್ತದೆ. ಬಿಗಿಯುವ ಮೊದಲು ಈ ಸಲವೂ ನೆಗೆಟಿವ್ ಕಳಚಲೇಬೇಕು. ಆಮೇಲೆ ಪ್ರತಿ ಸರ್ವಿಸಿನಲ್ಲಿ, ಕರಾವಳಿಯವರಾದರೆ ಮಳೆಗಾಲಕ್ಕೆ ಮುಂಚೆ ಮತ್ತು ಮುಗಿದ ಮೇಲೆ, ಕೊಕ್ಕೆಯ ಬುಡಕ್ಕೆ ತುಕ್ಕು ಹತ್ತಿದೆಯೇ ನೋಡಿ ಒಂದು ತೊಟ್ಟು ಎಣ್ಣೆ ಬಿಡಿ. ಇನ್ನೊಂದು ಸಲ ಬ್ಯಾಟರಿ ಬದಲಿಸುವ ದಿನ ಅಂಗಡಿಯ ಹುಡುಗನ ಪಕ್ಕದಲ್ಲೇ ನಿಂತು, ಕಳಚಿದ ಪಟ್ಟಿಯನ್ನೂ ನಟ್ಟುಗಳನ್ನೂ ನಿಮ್ಮ ಕೈಗೇ ಇಸಿದುಕೊಂಡು ಹಿಡಿದಿರಿ, ಹೊಸದು ಟ್ರೇಗೆ ಇಳಿದ ಮೇಲೆ ಒಂದೊಂದಾಗಿ ಕೊಡಿ.